ಟವರ್ ಮುದ್ರೆಯ ಕೇಪಿನ ಕೋವಿ: ಅಸಲಿ ಬಿಡಿಭಾಗ ಹಾಕಿ ಸರಿಮಾಡಿಸುವುದು ಹೇಗೆ?

ಮೇಗರವಳ್ಳಿ_ಕಾನು

ತೀರ್ಥಹಳ್ಳಿ ಕಡೆಯ ಕೋವಿ, ಬಾಯಿಯಿಂದ ಮದ್ದು ತುಂಬಿ ಕೇಪು ಹಾಕಿ ಹೊಡೆಯುವಂಥದ್ದು. ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿದೆ, ನವೀಕರಣವೂ ಆಗಿದೆ. ಮೂರು ಬ್ಯಾಂಡಿನ (ನಳಿಗೆಯನ್ನು ಮರಕ್ಕೆ ಬಿಗಿಯುವ ಪಟ್ಟಿ) ಉದ್ದ ಕೋವಿ, ತುದಿಯಿಂದ ಬುಡಕ್ಕೆ 140 ಸೆಂ.ಮೀ., ನಳಿಗೆಯೊಂದೇ 99. ಲಾಕಿನ (ಕೇಪು ಹೊಡೆಯುವ ಯಂತ್ರದ) ತಗಡಿನಲ್ಲಿ ಕುದುರೆಯ, ಅಂದರೆ ಕೇಪಿಗೆ ಬಡಿಯುವ ಸುತ್ತಿಗೆಯ, ಹಿಂದೆ ಕಿರೀಟ, ಮುಂದೆ ಇಂಗ್ಲಿಷಿನಲ್ಲಿ ‘ಟವರ್’, ಅದರ ಮೇಲೆ ಇಸವಿ. 18 ಕಾಣುತ್ತದೆ, ಮೂರನೇ ಅಂಕಿ ಸವೆದಿದೆ, ಕೊನೆಯದು 9. ಚಿತ್ರ ಹೋಲಿಸಿ ನೋಡಿದರೆ 1853ರ ಮಾದರಿಯ ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ರೈಫಲ್) ಅನಿಸುತ್ತದೆ.

ದೋಷಗಳು ಹೀಗಿವೆ. ಗುರಿ ನೋಡುವ ಹಿಂದಿನ ಸೈಟಿನ ಏಣಿ (ದೂರಕ್ಕೆ ತಕ್ಕಂತೆ ಎತ್ತುವ ಚೌಕಟ್ಟು) ಇಲ್ಲ, ಒಂದು ಕಚ್ಚಿರುವ ಗಟ್ಟಿ ತುಂಡು ಮಾತ್ರ ಉಳಿದಿದೆ. ನಡುವಿನ ಬ್ಯಾಂಡ್ ಇಲ್ಲ, ಆ ಜಾಗಕ್ಕೆ ಬೈಂಡಿಂಗ್ ತಂತಿ ಸುತ್ತಿದ್ದಾರೆ. ಕುದುರೆ ಹಿಡಿಯುವ ಸ್ಕ್ರೂ ಬದಲು ಆರು ಮೂಲೆಯ ಬೋಲ್ಟ್. ಕುದುರೆಯನ್ನು ಅರ್ಧಕ್ಕೆ ಎತ್ತಿದರೆ ನಿಲ್ಲುವುದಿಲ್ಲ, ಪೂರ್ತಿ ಎತ್ತಿ ಬಿಟ್ಟರೆ ಸೋಮಾರಿಯಾಗಿ ಬೀಳುತ್ತದೆ, ಅಂದರೆ ದೊಡ್ಡ ಸ್ಪ್ರಿಂಗ್ ಸತ್ತಿರಬೇಕು. ಗಜ (ಮದ್ದು ಜಡಿಯುವ ಕೋಲು) ಬಗನಿ ಮರದ್ದು. ಹಿಡಿಯ ಕತ್ತಿನಲ್ಲಿ ಬಿರುಕು, ಅದಕ್ಕೆ ತಾಮ್ರದ ತಂತಿ ಬಿಗಿದಿದೆ. ನಳಿಗೆ ಪೂರ್ತಿ ಕೆಂಪು ತುಕ್ಕು.

ಹೊಡೆಯುವ ಉದ್ದೇಶವಿಲ್ಲ. ನೋಡಲಿಕ್ಕೆ ಸರಿಯಾಗಬೇಕು, ಹಾಕುವ ಸಾಮಾನು ಆ ಕಾಲದ್ದೇ ಆಗಬೇಕು. ಏಣಿ ಸೈಟು, ಬ್ಯಾಂಡು, ಸ್ಪ್ರಿಂಗು ಎಲ್ಲಿ ಹುಡುಕಬೇಕು? ನಳಿಗೆಯನ್ನು ಶಿವಮೊಗ್ಗದಲ್ಲಿ ಬಫಿಂಗ್‌ಗೆ ಕೊಡಬಹುದಾ? ಹಿತ್ತಾಳೆಗೆ ಹುಣಸೆಹಣ್ಣು ಸಾಕಾ?

ಹಳೇಕಬ್ಬಿಣ

ಬಫಿಂಗ್ ಬೇಡವೇ ಬೇಡ, ಹುಣಸೆಹಣ್ಣೂ ಬೇಡ. ಕಾರಣ ಆಮೇಲೆ.

ಮೊದಲು ನೋಡಬೇಕಾದ್ದು ಒಳಗೆ ಮದ್ದು ಇದೆಯಾ ಅಂತ. ಅಟ್ಟದಿಂದ ಇಳಿಸಿದ ಕೇಪಿನ ಕೋವಿಗೆ ಮದ್ದು ಜಡಿದೇ ಇದೆ ಅಂತಲೇ ತಿಳಿಯಬೇಕು. ಕರಿಮದ್ದಿಗೆ ವಯಸ್ಸಾಗುವುದಿಲ್ಲ, ಒಣಗಿದ್ದರೆ ನೂರು ವರ್ಷದ ಮೇಲೂ ಹೊತ್ತಿಕೊಳ್ಳುತ್ತದೆ. ನಿಪ್ಪಲ್ (ಕೇಪು ಕೂರುವ, ತೂತಿರುವ ಮೊಳೆ) ಮೇಲೆ ಹಳೇ ಕೇಪು ಕೂತಿಲ್ಲ ಅಂತ ಖಾತ್ರಿ ಮಾಡಿಕೊಂಡು, ಬಾಯಿಯ ಎದುರು ನಿಲ್ಲದೆ, ಬಗನಿ ಗಜವನ್ನೇ ನಿಧಾನ ಒಳಗೆ ಬಿಡಿ. ಬಾಯಿಯ ಮಟ್ಟಕ್ಕೆ ಗುರುತು ಹಾಕಿ ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿಯಿರಿ. ಗಜದ ತುದಿ ನಿಪ್ಪಲಿನ ನೇರಕ್ಕೆ ಬರಬೇಕು. ನಾಲ್ಕೈದು ಸೆಂ.ಮೀ. ಮುಂಚೆಯೇ ನಿಂತರೆ ಒಳಗೆ ಏನೋ ಇದೆ.

ಎರಡನೆಯದು, ವರ್ನಿಯರ್ ಕ್ಯಾಲಿಪರ್ ತಂದು ಬಾಯಿಯ ಒಳವ್ಯಾಸ ಅಳೆಯಿರಿ. 1853ರ ಎನ್‌ಫೀಲ್ಡ್ 0.577 ಇಂಚು, ಅಂದರೆ 14.7 ಮಿ.ಮೀ., ಒಳಗೆ ಮೂರು ಆಳವಿಲ್ಲದ ಸುರುಳಿ ಗೀರು ಇರಬೇಕು. ಗೀರಿಲ್ಲದೆ 16.7 ಹತ್ತಿರ ಬಂದರೆ ಕಥೆ ಬೇರೆ. ಅಳತೆ ಬರುವವರೆಗೆ ಏಣಿ ಸೈಟಿಗೆ ದುಡ್ಡು ಹಾಕಬೇಡಿ.

ಮೇಗರವಳ್ಳಿ_ಕಾನು

ಅಳೆದಾಯ್ತು. ಒಳವ್ಯಾಸ 16.6. ಬೆರಳಿಗೆ ಗೀರು ಸಿಗುವುದಿಲ್ಲ, ಟಾರ್ಚಿಗೂ ಕಾಣುವುದಿಲ್ಲ. ಗಜ ನಿಪ್ಪಲಿಗಿಂತ ಸುಮಾರು 5 ಸೆಂ.ಮೀ. ಹಿಂದೆಯೇ ನಿಲ್ಲುತ್ತದೆ. ಕುಟ್ಟಿದರೆ ಮೆತ್ತನೆ ಸದ್ದು.

ಹಳೇಕಬ್ಬಿಣ

ಮಾರಾಯ್ರೆ, ಇನ್ನು ಕುಟ್ಟಬೇಡಿ. ಕಡಜ ಕಟ್ಟಿದ ಮಣ್ಣಿರಬಹುದು, ತುಕ್ಕಿನ ಹುಡಿ ಇರಬಹುದು, ಮದ್ದು ಚರೆಯೂ ಇರಬಹುದು. ಮೂರನೆಯದೇ ಅಂತ ನಡೆದುಕೊಳ್ಳಿ. ಬಾಯಿಯಿಂದ ನೀರು ಹೊಯ್ದು, ಕೋವಿಯನ್ನು ನೆಟ್ಟಗೆ ಮೂಲೆಗೆ ಒರಗಿಸಿ ಎರಡು ಮೂರು ದಿನ ಬಿಡಿ. ನಿಪ್ಪಲ್ ತೂತಿನಿಂದ ನೀರು ಜಿನುಗಿದರೆ ಮದ್ದಿನ ತನಕ ನೀರು ತಲುಪಿದೆ ಅಂತ ಅರ್ಥ. ಜಿನುಗದಿದ್ದರೆ ತೂತು ಕಟ್ಟಿದೆ, ಅಲ್ಲಿಗೂ ಸಿರಿಂಜಿನಲ್ಲಿ ನೀರು ಬಿಡಿ. ಆಮೇಲೆ ತೆಗೆಸುವ ಕೆಲಸ ರಿಪೇರಿ ಲೈಸೆನ್ಸ್ ಇರುವ ಕೋವಿ ಅಂಗಡಿಯವರದ್ದು. ಗಜದ ತುದಿಗೆ ತಿರುಪು ಹಾಕಿ ಎಳೆದು ತೆಗೆಯುತ್ತಾರೆ. ಹಿಂದಿನ ಬಿರಡೆ ಬಿಚ್ಚಲು ಹೋಗಬೇಡಿ, 160 ವರ್ಷ ಕೂತ ಮರೆ (ತಿರುಪಿನ ಸುತ್ತು) ಅದು, ನಳಿಗೆಯೇ ತಿರುಚಿಕೊಳ್ಳುತ್ತದೆ. ಒಳಗಿನದು ಹೊರಬರುವ ತನಕ ನಳಿಗೆಗೆ ಬೆಂಕಿ, ಬಿಸಿ, ವೆಲ್ಡಿಂಗ್ ಯಾವುದೂ ಹತ್ತಿರ ಬರಕೂಡದು.

ಈಗ ಕೋವಿಯ ವಿಷಯ. ನಿಮ್ಮದು 1853ರ ಮಾದರಿ ಅಲ್ಲ. 1857ರ ದಂಗೆಯಾದ ಮೇಲೆ ದೇಶೀ ಸಿಪಾಯಿಗಳ ಕೈಗೆ ಗೀರು ನಳಿಗೆ ಕೊಡುವುದು ಬೇಡ ಅಂತ ಬ್ರಿಟಿಷರು ಮಾಡಿಸಿದ ನುಣುಪು ನಳಿಗೆಯ ಮಸ್ಕೆಟ್ ಇದು. ಎರಡು ಹಂತದಲ್ಲಿ ಬಂತು. 1858ರ ಮಾದರಿಯಲ್ಲಿ 1853ರ ನಳಿಗೆಯನ್ನೇ 0.656 ಇಂಚಿಗೆ ಕೊರೆದರು. ಗೋಡೆ ತೆಳುವಾಗಿ ನಳಿಗೆ ಸುಲಭವಾಗಿ ಬಾಗತೊಡಗಿತು. ಹಾಗಾಗಿ 1859ರ ಮಾದರಿಗೆ ದಪ್ಪ ಗೋಡೆಯ ನಳಿಗೆಯನ್ನೇ ಹೊಸದಾಗಿ ಮಾಡಿದರು. ದೂರದ ಗುರಿ ಬೇಡವೆಂದು ಏಣಿಯನ್ನು ಕೈಬಿಟ್ಟು ಒಂದೇ ಕಚ್ಚಿನ ಸ್ಥಿರ ಸೈಟ್ ಇಟ್ಟರು.

ಅಂದರೆ ನೀವು ಕಳೆದುಹೋಗಿದೆ ಅಂದುಕೊಂಡ ಏಣಿ ಈ ಕೋವಿಗೆ ಯಾವತ್ತೂ ಇರಲಿಲ್ಲ. ಆ ಗಟ್ಟಿ ತುಂಡೇ ಅಸಲಿ. ಅದನ್ನು ಕಿತ್ತು 1853ರ ಅಸಲಿ ಏಣಿ ಬೆಸುಗೆ ಹಾಕಿದರೆ, ಒಳ್ಳೇ ಸಾಮಾನು ಹಾಕಿ ಕೋವಿಯನ್ನು ಸುಳ್ಳು ಮಾಡಿದ ಹಾಗೆ. ಎಷ್ಟೋ ಕೋವಿ ಕೆಟ್ಟದ್ದು ಹೀಗೆಯೇ.

ಬ್ಯಾಂಡಿಗೂ ಇದೇ ಮಾತು. ನಳಿಗೆ ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುವುದರಿಂದ ಮೂರು ಬ್ಯಾಂಡಿನ ಅಳತೆ ಬೇರೆ ಬೇರೆ. ಅದರ ಮೇಲೆ, 1859ರ ಮಾದರಿಯಾದರೆ ದಪ್ಪ ನಳಿಗೆ. 1853ರ ನಡು ಬ್ಯಾಂಡ್ ತಂದರೆ ಸ್ಕ್ರೂ ಬಿಗಿಯುವಷ್ಟು ಮುಚ್ಚಿಕೊಳ್ಳದೆ ಇರಬಹುದು. ಬಲವಂತ ಮಾಡಿದರೆ ಬ್ಯಾಂಡಿನ ಕಿವಿ ಮುರಿಯುತ್ತದೆ. ನಡು ಬ್ಯಾಂಡಿನ ಜಾಗದಲ್ಲಿ ನಳಿಗೆ, ಮರ ಎರಡೂ ಸೇರಿ ಎತ್ತರ ಎಷ್ಟು, ಅಗಲ ಎಷ್ಟು ಅಂತ ಅಳೆದು ಬರೆದಿಟ್ಟುಕೊಂಡೇ ಹುಡುಕಿ. ಉಳಿದ ಎರಡು ಬ್ಯಾಂಡಿನ ಸ್ಕ್ರೂ ತುದಿಯಲ್ಲಿ ಉದುರದಂತೆ ಪುಟ್ಟ ಬಳೆ ಇದೆಯಾ ನೋಡಿ. ಇದ್ದರೆ ಅದನ್ನು ಬಿಚ್ಚಿ ಎಲ್ಲೋ ಇಡಬೇಡಿ, ಮತ್ತೆ ಸಿಗುವುದಿಲ್ಲ.

ಬೀಗತಿರುಪು

ಲಾಕಿನ ಬಗ್ಗೆ ನಾನು ಹೇಳುತ್ತೇನೆ. ‘ಟವರ್’ ಮುದ್ರೆ ಅಂದರೆ ಗುತ್ತಿಗೆಗೆ ಕೈಯಲ್ಲಿ ಮಾಡಿಸಿ ಸರ್ಕಾರ ತಪಾಸಣೆ ಮಾಡಿ ತೆಗೆದುಕೊಂಡದ್ದು. ಎನ್‌ಫೀಲ್ಡ್ ಕಾರ್ಖಾನೆಯೊಳಗೆ ಅಮೆರಿಕದ ಯಂತ್ರ ಕೂಡಿಸಿ, ಒಂದರ ಭಾಗ ಇನ್ನೊಂದಕ್ಕೆ ಕೂರುವ ಹಾಗೆ ಮಾಡಿದ್ದು ಬೇರೆ ಸಾಲು, ಅದರ ತಗಡಿನಲ್ಲಿ ‘ಎನ್‌ಫೀಲ್ಡ್’ ಅಂತಲೇ ಇರುತ್ತದೆ. ನಿಮ್ಮ ಲಾಕಿನಲ್ಲಿ ಟಂಬ್ಲರ್ (ಕುದುರೆಯ ಜೊತೆ ತಿರುಗುವ ಕಚ್ಚಿನ ತುಂಡು), ಸಿಯರ್ (ಆ ಕಚ್ಚಿಗೆ ಕೂತು ಕುದುರೆಯನ್ನು ತಡೆಯುವ ಕೊಕ್ಕೆ), ಸ್ಪ್ರಿಂಗ್, ಸ್ಕ್ರೂ ಎಲ್ಲ ಒಂದಕ್ಕೊಂದು ಅರ ಹಾಕಿ ಕೂರಿಸಿದ್ದು. ಒಳಗೆ ಗೀಟು ಗೀಟಾಗಿ ಅರದ ಗುರುತು ಇದ್ದರೆ ಅದು ಆ ಕಾಲದ ಜೋಡಣೆ ಗುರುತು, ಕೊಳೆ ಅಂತ ಉಜ್ಜಬೇಡಿ. ಹೊರಗಿಂದ ತಂದ ಅಸಲಿ ಸ್ಪ್ರಿಂಗ್ ಅಸಲಿಯೇ ಆದರೂ ನಿಮ್ಮ ಲಾಕಿಗೆ ಕೂರುತ್ತದೆ ಅಂತಿಲ್ಲ. ಕೂರಿಸಲು ಅರ ಹಿಡಿದರೆ ಎರಡು ಅಸಲಿ ಸಾಮಾನು ಒಟ್ಟಿಗೆ ಹಾಳು.

ನಿಮ್ಮ ದೊಡ್ಡ ಸ್ಪ್ರಿಂಗ್ ಸತ್ತಿದೆ ಅಂತ ನನಗನಿಸುವುದಿಲ್ಲ. ಅನುಮಾನ ಆ ಬೋಲ್ಟಿನ ಮೇಲೆ. ಅಸಲಿ ಸ್ಕ್ರೂವಿನ ಕೆಲಸ ಕುದುರೆ ಟಂಬ್ಲರಿನ ಚೌಕದಿಂದ ಜಾರದಂತೆ ಹಿಡಿಯುವುದಷ್ಟೆ. ಬೋಲ್ಟ್ ಹಾಕಿ ಪಾನಾದಲ್ಲಿ ಬಿಗಿದರೆ ಅದು ಕುದುರೆಯನ್ನು ತಗಡಿಗೆ ಎಳೆದು ಒತ್ತುತ್ತದೆ. ಕುದುರೆ ತಗಡನ್ನು ಉಜ್ಜಿಕೊಂಡು ಬೀಳುತ್ತದೆ, ಆಗ ಸ್ಪ್ರಿಂಗ್ ಸೋತ ಹಾಗೆ ಕಾಣುತ್ತದೆ. ತಗಡಿನ ಮೇಲೆ ಕುದುರೆಯ ಬುಡದ ಸುತ್ತ ಹೊಸದಾಗಿ ಹೊಳೆಯುವ ಬಿಲ್ಲಿನಾಕಾರದ ಗೀರಿದ್ದರೆ ಇದೇ ಕಾರಣ. ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿ ನೋಡಿ. ನಿಪ್ಪಲ್ ಮೇಲೆ ದಪ್ಪ ಚರ್ಮದ ತುಂಡು ಇಡದೆ ಕುದುರೆ ಬಿಡಬೇಡಿ, ನಿಪ್ಪಲಿನ ಬಾಯಿ ಚಪ್ಪಟೆಯಾಗುತ್ತದೆ. ಹಳೇಕಬ್ಬಿಣದವರು ಹೇಳಿದ ನೀರಿನ ಕೆಲಸ ಮುಗಿದು, ಒಳಗಿನದು ಹೊರಬಂದ ಮೇಲೆಯೇ ಇದು.

ಅರ್ಧಕ್ಕೆ ನಿಲ್ಲದಿರುವುದಕ್ಕೂ ಮೊದಲ ಕಾರಣ ಕೊಳೆಯೇ. ನಮ್ಮ ಕಡೆ ಲಾಕಿಗೆ ಕೊಬ್ಬರಿ ಎಣ್ಣೆ ಬಿಡುವ ರೂಢಿ. ವರ್ಷಗಟ್ಟಲೆ ಬಿಟ್ಟ ಎಣ್ಣೆ ಒಳಗೆ ವಾರ್ನಿಷಿನ ಹಾಗೆ ಹಳದಿಯಾಗಿ ಗಟ್ಟಿಕಟ್ಟುತ್ತದೆ, ಟಂಬ್ಲರಿನ ಕಚ್ಚು ತುಂಬಿಕೊಂಡು ಸಿಯರಿನ ಮೂಗು ಒಳಗೆ ಇಳಿಯುವುದಿಲ್ಲ. ಲಾಕನ್ನು ಹೊರತೆಗೆದು ಥಿನ್ನರಿನಲ್ಲಿ ಒಂದು ರಾತ್ರಿ ಮುಳುಗಿಸಿ, ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ತೊಟ್ಟು ಬಿಡಿ. ಹತ್ತರಲ್ಲಿ ಏಳು ಲಾಕು ಅಷ್ಟಕ್ಕೇ ದಾರಿಗೆ ಬರುತ್ತವೆ ಅಂದರೆ ತಪ್ಪಲ್ಲ.

ಹೊರತೆಗೆಯುವಾಗ ಎಡಗಡೆಯ ಎರಡು ಉದ್ದ ಸ್ಕ್ರೂಗಳನ್ನು ನಾಲ್ಕೈದು ಸುತ್ತು ಮಾತ್ರ ಬಿಚ್ಚಿ. ಆಮೇಲೆ ಅವುಗಳ ತಲೆಯ ಮೇಲೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಒಮ್ಮೆ ಇದಕ್ಕೆ ಒಮ್ಮೆ ಅದಕ್ಕೆ ತಟ್ಟುತ್ತಾ ಬಂದರೆ ಲಾಕು ಬಲಗಡೆಗೆ ಸಮವಾಗಿ ಏಳುತ್ತದೆ. ತಗಡಿನ ಅಂಚಿಗೆ ಏನಾದರೂ ಹಾಕಿ ಮೀಟಿದಿರೋ, ಮರದ ಚಕ್ಕೆ ಎದ್ದು ಬರುತ್ತದೆ. ಸ್ಕ್ರೂಡ್ರೈವರನ್ನು ಆ ಸ್ಕ್ರೂವಿನ ಗೀರಿಗೆ ಸರಿಯಾಗಿ ಅರ ಹಾಕಿಕೊಳ್ಳಿ. ಹಳೇ ಗೀರು ಕಿರಿದು, ಅಂಚು ನೇರ. ಈಗಿನ ಸ್ಕ್ರೂಡ್ರೈವರ್ ತುದಿ ಬೆಣೆಯ ಆಕಾರದ್ದು, ಮೇಲಂಚಿಗೆ ಮಾತ್ರ ತಾಗಿ ಗೀರನ್ನು ಹರಿದುಬಿಡುತ್ತದೆ. ಸ್ಕ್ರೂ ಬಿಗಿದಿದ್ದರೆ ಅಸಿಟೋನ್ ಅರ್ಧ, ಕಾರಿನ ಆಟೊಮ್ಯಾಟಿಕ್ ಗೇರಿನ ಎಣ್ಣೆ ಅರ್ಧ ಬೆರೆಸಿ ದಿನಕ್ಕೆರಡು ತೊಟ್ಟಿನಂತೆ ಒಂದು ವಾರ ಬಿಡಿ.

ತೊಳೆದ ಮೇಲೂ ಅರ್ಧಕ್ಕೆ ನಿಲ್ಲದಿದ್ದರೆ ಸಿಯರಿನ ಸಣ್ಣ ಸ್ಪ್ರಿಂಗ್ ನೋಡಿಸಿ. ಅದೂ ಸರಿಯಿದ್ದರೆ ಕಚ್ಚೇ ಸವೆದಿದೆ ಅಂತ ಬಿಟ್ಟುಬಿಡಿ. ಅರ ಹಾಕಿ ಕಚ್ಚು ಚೂಪು ಮಾಡುತ್ತೇನೆ ಅನ್ನುವವರ ಕೈಗೆ ಕೊಡಬೇಡಿ. ಆ ಟಂಬ್ಲರಿನ ಗಟ್ಟಿತನ ಮೇಲ್ಪದರದಲ್ಲಿ ಮಾತ್ರ, ಅರ ಅದನ್ನು ದಾಟಿದರೆ ಕೆಳಗೆ ಮೆತ್ತನೆ ಕಬ್ಬಿಣ. ಗೋಡೆಯ ಮೇಲಿರುವ ಕೋವಿಗೆ ಕುದುರೆ ಇಳಿದೇ ಇರಲಿ.

ಬೋಲ್ಟಿನ ಜಾಗಕ್ಕೆ ಸ್ಕ್ರೂ ಮಾತ್ರ ಮಾಡಿಸಲೇಬೇಕು. ಅದರ ಮರೆ ಈಗಿನ ಯಾವ ಅಳತೆಗೂ ಕೂರದೆ ಇರಬಹುದು. ಬೋಲ್ಟಿಗೋಸ್ಕರ ಯಾರಾದರೂ ಹೊಸ ಟ್ಯಾಪ್ ಓಡಿಸಿದ್ದಾರಾ ಅಂತ ಮೊದಲು ನೋಡಿಸಿ. ಹೊಸದಾಗಿ ಮಾಡಿದ ಸ್ಕ್ರೂವಿನ ಕಾಣದ ಕಡೆ ಇಸವಿ ಕೊರೆಸಿ, ಮುಂದೆ ಯಾರೂ ಅಸಲಿ ಅಂತ ಮೋಸಹೋಗಬಾರದು.

ಅಡಿಕೆಚೊಗರು

ತುಕ್ಕಿಗೆ ಅಷ್ಟೊಂದು ತಲೆಬಿಸಿ ಎಂತಕ್ಕೆ? ಅಡಿಕೆ ಬೇಯಿಸಿದ ಚೊಗರು ಎರಡು ಕೋಟು ಹಚ್ಚಿದರೆ ತುಕ್ಕೆಲ್ಲ ಕಪ್ಪಾಗಿ ನಿಲ್ಲುತ್ತದೆ. ಖರ್ಚೂ ಇಲ್ಲ.

ಹಳೇಕಬ್ಬಿಣ

ಕಪ್ಪಾಗುವುದು ನಿಜ. ಚೊಗರಿನ ಒಗರು ಕಬ್ಬಿಣದ ಜೊತೆ ಸೇರಿದರೆ ಆಗುವುದು ಶಾಯಿ. ಹಳೇ ಕಾಲದ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಗೇಟಿಗೆ ಹಚ್ಚಿ, ತೊಂದರೆಯಿಲ್ಲ. ಕೋವಿಗೆ ಹಚ್ಚಿದರೆ ತುಕ್ಕು ದಪ್ಪಗಿದ್ದಲ್ಲಿ ನೀಲಿಗಪ್ಪು, ತೆಳುವಿದ್ದಲ್ಲಿ ಬೂದಿ, ಹೀಗೆ ಮಚ್ಚೆ ಮಚ್ಚೆಯಾಗುತ್ತದೆ. ಅದಕ್ಕಿಂತ ಹೆಚ್ಚಿನ ತೊಂದರೆ, ಅದರ ಕೆಳಗೆ ಉಳಿದಿದ್ದ ಹಳೇ ಬಣ್ಣ ಎಲ್ಲಿ ಹೋಯಿತು ಅಂತ ಆಮೇಲೆ ತಿಳಿಯುವುದೇ ಇಲ್ಲ.

ನಳಿಗೆಯ ಅಸಲಿ ಬಣ್ಣವೂ ತುಕ್ಕಿನಿಂದಲೇ ಬಂದದ್ದು. ಬೇಕೆಂದೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ, ಮತ್ತೆ ಹಿಡಿಸಿ ತೆಗೆದ ಬಣ್ಣ. ಹಾಗಾಗಿ ಕೆಂಪು ತುಕ್ಕನ್ನು ಕೀಳುವ ಬದಲು ಕುದಿಸಿ ಕಪ್ಪು ಮಾಡುವುದು ಈ ಕೋವಿಗೆ ಒಗ್ಗುತ್ತದೆ. ಕುದಿಯುವ ನೀರಿನಲ್ಲಿ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ, ಸಡಿಲವಿದ್ದದ್ದು ಉದುರುತ್ತದೆ, ಕೆಳಗಿನ ಮುದ್ರೆಗೆ ಏನೂ ಆಗುವುದಿಲ್ಲ.

ಒಳಗೆ ಖಾಲಿ ಅಂತ ಖಾತ್ರಿಯಾದ ಮೇಲೆ, ಬರೀ ನಳಿಗೆಯನ್ನು ಮಾತ್ರ 110 ಸೆಂ.ಮೀ. ಉದ್ದದ ತಗಡಿನ ತೊಟ್ಟಿಯಲ್ಲಿ ಮುಳುಗಿಸಿ. ಬಾವಿ ನೀರು ಹಾಕಿದರೆ ಸುಣ್ಣದ ಕಲೆ ಕೂರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅಥವಾ ಮಳೆ ಹಿಡಿದು ಕೂತ ಮೇಲೆ ತೆರೆದ ಪಾತ್ರೆಗೆ ನೇರ ಬಿದ್ದ ಮಳೆನೀರು ಸಾಕು. ಅಡಿಕೆ ಬೇಯಿಸುವ ಹಂಡೆ ಎಷ್ಟು ತೊಳೆದರೂ ಬೇಡ. ಕುದಿ ಬಂದ ಮೇಲೆ ಅರ್ಧ ಗಂಟೆ. ಸೈಟಿನ ಬೆಸುಗೆ ಕರಗುತ್ತದೆ ಅನ್ನುವ ಹೆದರಿಕೆ ಬೇಡ, ಸೀಸ-ತವರದ ಬೆಸುಗೆ ಕರಗಲು 180 ಡಿಗ್ರಿಯ ಮೇಲೆ ಬೇಕು. ಹೊರತೆಗೆದ ಕೂಡಲೇ ಬಿಸಿಗೇ ನೀರು ಆರುತ್ತದೆ. ಒಳಗಿನ ನೀರನ್ನು ಬಾಯಿ ಕೆಳಗೆ ಮಾಡಿ ಬಸಿದು ಬಟ್ಟೆ ಓಡಿಸಿ. ಆಮೇಲೆ ನಾಲ್ಕು ಸೊನ್ನೆಯ (ಅತಿ ನಯದ) ಸ್ಟೀಲ್ ವೂಲ್, ಅದರಲ್ಲಿರುವ ಎಣ್ಣೆಯನ್ನು ಅಸಿಟೋನಿನಲ್ಲಿ ತೊಳೆದುಕೊಂಡು, ಬೆರಳಿನ ಭಾರದಲ್ಲಷ್ಟೇ ಉಜ್ಜಿ. ಮಸಿಯಂಥ ಹುಡಿ ಬರುತ್ತದೆ. ಕೆಂಪು ಉಳಿದಿದ್ದರೆ ಇನ್ನೊಮ್ಮೆ ಕುದಿಸಿ. ಮೂರು ಸಲಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಬಫಿಂಗ್ ಚಕ್ರವಾದರೆ ಮುದ್ರೆಯ ಅಂಚು, ಬಣ್ಣ, ತುಕ್ಕು ಮೂರನ್ನೂ ಒಂದೇ ನಿಮಿಷದಲ್ಲಿ ಒಯ್ಯುತ್ತದೆ.

ನಳಿಗೆ ಬಿಡಿಸುವಾಗ ಗಜ ತೆಗೆದು, ಬ್ಯಾಂಡ್ ಸಡಿಲಿಸಿ ಬಾಯಿಯ ಕಡೆಗೆ ಜಾರಿಸಿ, ನಳಿಗೆಯ ಹಿಂದಿನ ಬಾಲದ (ಮರಕ್ಕೆ ಕೂರುವ ಪಟ್ಟಿಯ) ಸ್ಕ್ರೂ ಬಿಚ್ಚಿ, ಕೋವಿಯನ್ನು ಹಾಸಿಗೆಯ ಮೇಲೆ ಬೋರಲು ಹಾಕಿ. ಮರವನ್ನು ಮೇಲಕ್ಕೆ ಎತ್ತಬೇಕು. ನಳಿಗೆಯ ಬಾಯಿ ಹಿಡಿದು ಮೀಟಿದರೆ ಬಾಲದ ಹಿಂದಿನ ಮರ ಸೀಳುತ್ತದೆ. ನಿಮ್ಮ ಬಿರುಕಿಗೂ ಅದೇ ಕಾರಣವಿರಬಹುದು.

ಹಿತ್ತಾಳೆಗೆ ಬರೀ ಬಟ್ಟೆ ಸಾಕು. ಹುಣಸೆಯ ಹುಳಿ ಹಿತ್ತಾಳೆ-ಮರದ ಸಂದಿಗೆ ಇಳಿದು ಒಂದು ಮಳೆಗಾಲದಲ್ಲಿ ಹಸಿರು ಕಿಲುಬು ತರುತ್ತದೆ.

ಸಾಗುವಾನಿ_ಸಾಗರ

ಮರಕ್ಕೆ ಪಾಲಿಶ್ ಪೇಪರ್ ಮುಟ್ಟಿಸಬೇಡಿ. ಹಿಡಿಯ ಬಲಮಗ್ಗುಲಲ್ಲಿ ದುಂಡು ಮುದ್ರೆ ಇರಬಹುದು, ಈಗ ಕೊಳೆಯಲ್ಲಿ ಕಾಣದೆ ಇರಬಹುದು. ಟರ್ಪಂಟೈನಿನಲ್ಲಿ ಅದ್ದಿದ ಬಟ್ಟೆಯಲ್ಲಿ ಒರೆಸುತ್ತಾ ಬಂದರೆ ಮಸಿ ಬಿಡುತ್ತದೆ, ಕೆಳಗೆ ಅಕ್ರೋಟಿನ ಕಂದು ಬಣ್ಣ ಬಂದರೆ ಮರ ಅಸಲಿ. ಹಲಸಿನ ಹಳದಿ ಬಂದರೆ ಹಿಡಿ ನಮ್ಮೂರಿನ ಆಚಾರಿಯದ್ದು, ಆಗ ಬೇರೆ ಲೆಕ್ಕ. ಒಣಗಿದ ಮೇಲೆ ಹಸಿ ಅಗಸೆ ಎಣ್ಣೆ, ಅಂಗೈಯಲ್ಲಿ ಬಿಸಿಯಾಗುವ ತನಕ ತೆಳ್ಳಗೆ ತಿಕ್ಕಿ. ಒಂದು ಕೋಟಿಗೂ ಇನ್ನೊಂದಕ್ಕೂ ನಮ್ಮ ಹವೆಯಲ್ಲಿ ವಾರ ಬೇಕು, ಮಳೆಗಾಲದಲ್ಲಿ ಹಚ್ಚಲೇಬೇಡಿ, ಅಂಟು ಆರುವುದೇ ಇಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ನೀರಿನಲ್ಲಿ ನೆನೆಸಿ ಬಿಡಿಸಿ ಒಣಗಿಸಿ.

ಕತ್ತಿನ ತಾಮ್ರದ ತಂತಿಯನ್ನು ನಾನಾದರೆ ಬಿಚ್ಚುವುದಿಲ್ಲ. ಅದು ಕೋವಿ ಕೆಲಸ ಮಾಡುತ್ತಿದ್ದ ಕಾಲದ ರಿಪೇರಿ. ಕೆಳಗಿನ ಬಿರುಕು ಅಲ್ಲಾಡಿದರೆ ಮಾತ್ರ ಬಿಚ್ಚಬೇಕು. ಪುಸ್ತಕದವರು ಪ್ರಾಣಿಯ ಅಂಟೇ ಹಾಕಿ, ಬೇಕಾದರೆ ಬಿಡಿಸಬಹುದು ಅನ್ನುತ್ತಾರೆ. ಸರಿ, ಆದರೆ ಆಗುಂಬೆಯ ಸುತ್ತಮುತ್ತ ಜುಲೈ ತಿಂಗಳಲ್ಲಿ ಆ ಅಂಟು ತಾನೇ ಬಿಡಿಸಿಕೊಳ್ಳುತ್ತದೆ. ನಿಧಾನ ಗಟ್ಟಿಯಾಗುವ ಎಪಾಕ್ಸಿಯೇ ಇಲ್ಲಿಗೆ ಸರಿ ಅನ್ನುವುದು ನನ್ನ ಪಕ್ಷ, ಬೇರೆಯವರು ಒಪ್ಪಲಿಕ್ಕಿಲ್ಲ.

ಬೀಗತಿರುಪು

ಒಪ್ಪುವುದಿಲ್ಲ. ಬಿರುಕಿನೊಳಗೆ ಹಳೇ ಎಣ್ಣೆ ಇಳಿದಿರುತ್ತದೆ, ಎಪಾಕ್ಸಿ ಹಿಡಿಯದೆ ಮುಂದಿನವರಿಗೆ ಕೀಳಲೂ ಬಾರದ ಹಾಗೆ ಕೂರುತ್ತದೆ. ಗೋಡೆಯ ಕೋವಿಗೆ ತಂತಿಯ ಹಿಡಿತವೇ ಸಾಕು.

ಹೊಸನಗರ_ಕೋರ್ಟುರಸ್ತೆ

ಕಾನೂನಿನ ನಾಲ್ಕು ಮಾತು. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ಹಳೇ ಮಾದರಿಯ, ಪ್ರಾಚೀನ ಮೌಲ್ಯದ ಆಯುಧಕ್ಕೆ ವಿನಾಯಿತಿ ಇದೆ ಅಂತ ಹೇಳಿಕೊಂಡು ತಿರುಗುವವರಿದ್ದಾರೆ. ಅದೇ ಸಾಲಿನ ಕೊನೆಯಲ್ಲಿ, ರಿಪೇರಿ ಮಾಡಿದರೂ ಮಾಡದಿದ್ದರೂ ಬಳಸಲಾಗದ್ದು ಅಂತಿದೆ. ಲಾಕು ತೊಳೆದರೆ ನಡೆಯುವ ಕೋವಿ ಅದರಲ್ಲಿ ಬರುವುದಿಲ್ಲ, ಲೈಸೆನ್ಸ್ ಬೇಕೇ ಬೇಕು. ಕೊಡಗಿನವರಿಗಿರುವ ವಿನಾಯಿತಿ ನಮ್ಮ ಜಿಲ್ಲೆಗಿಲ್ಲ.

8ನೇ ಸೆಕ್ಷನ್ ನೆನಪಿಡಿ: ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದು, ತಿದ್ದುವುದು ಅಪರಾಧ. ಬಫಿಂಗ್‌ನವನ ಚಕ್ರ ಲೈಸೆನ್ಸ್ ಪುಸ್ತಕದಲ್ಲಿರುವ ನಂಬರನ್ನು ತಿಂದರೆ ಉತ್ತರ ಹೇಳಬೇಕಾದವರು ನೀವು. ಸವೆದ ಇಸವಿಯ ಮೂರನೇ ಅಂಕಿಯನ್ನು ಹೊಸದಾಗಿ ಕೊರೆಸುವುದೂ ಇದರಡಿ ಬರಬಹುದು.

ಬಿಡಿಭಾಗವೂ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ. ಹೊರದೇಶದ ವೆಬ್‌ಸೈಟಿನಲ್ಲಿ ಲಾಕಿನ ಸಾಮಾನು ಕಂಡು ಕಾರ್ಡ್ ಉಜ್ಜಿದರೆ, ಆಮದು ಲೈಸೆನ್ಸ್ ಇಲ್ಲದೆ ಕಸ್ಟಮ್ಸಿನಲ್ಲಿ ಕೂರುತ್ತದೆ, ಜೊತೆಗೆ ನಿಮ್ಮ ವಿಳಾಸವೂ. ಬೇಕಾದ ಬ್ಯಾಂಡನ್ನು ಲೈಸೆನ್ಸ್ ಇರುವ ವ್ಯಾಪಾರಿಯ ಮೂಲಕ ರಸೀದಿ ಸಹಿತ ತರಿಸಿ. ಸ್ಕ್ರೂ ಮಾಡಿಸುವುದೂ ಅವರ ಕೈಯಲ್ಲೇ ಆಗಲಿ, ಲೇತ್ ಅಂಗಡಿಯಲ್ಲಿ ಬೇಡ.

ಮೇಗರವಳ್ಳಿ_ಕಾನು

ಏಣಿ ಸೈಟ್ ಕೈಬಿಟ್ಟೆ. ಬಾಯಿಗೆ ನೀರು ಹೊಯ್ದು ನಿಲ್ಲಿಸಿದ್ದೇನೆ, ನಿಪ್ಪಲಿನಿಂದ ಕರೀ ನೀರು ಜಿನುಗುತ್ತಿದೆ. ಇನ್ನೊಂದು ಪ್ರಶ್ನೆ. ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಯಲ್ಲಿ ಇಟ್ಟುಬರಬೇಕು. ಎರಡು ತಿಂಗಳು ಅಲ್ಲಿದ್ದರೆ ಇಷ್ಟೆಲ್ಲ ಮಾಡಿದ್ದು ಮತ್ತೆ ಕೆಂಪಾಗುವುದಿಲ್ಲವಾ?

ಹಳೇಕಬ್ಬಿಣ

ಕರೀ ನೀರು ಬಂತೆಂದರೆ ಅದು ಮದ್ದೇ ಅಂತ ನಡೆದುಕೊಳ್ಳಿ. ತೆಗೆಸುವ ತನಕ ಆರಲು ಬಿಡಬೇಡಿ, ದಿನಾ ನೀರು ತುಂಬಿಸಿ. ಅಂಗಡಿಗೆ ಒಯ್ಯುವ ಮೊದಲು ಫೋನಿನಲ್ಲಿ ಜಡಿದ ಕೋವಿ ಅಂತ ಹೇಳಿಯೇ ಹೋಗಿ.

ಠಾಣೆಗೆ ಕೊಡುವಾಗ ಪ್ಲಾಸ್ಟಿಕ್ ಚೀಲ, ರೆಕ್ಸಿನ್ ಕವರ್ ಬೇಡ, ಒಳಗೇ ಬೆವರುತ್ತದೆ. ಚರ್ಮದ ಕವರಿನಲ್ಲಿ ಹದ ಮಾಡಿದ ಉಪ್ಪು, ಒಗರು ಇರುತ್ತದೆ, ಅದು ಇನ್ನೂ ಕೆಟ್ಟದ್ದು. ನಳಿಗೆಯ ಒಳಹೊರಗೆ ಗ್ರೀಸನ್ನು ತೆಳ್ಳಗೆ ಸವರಿ, ಯಂತ್ರದ ಬಿಡಿಭಾಗಕ್ಕೆ ಸುತ್ತುವ ತುಕ್ಕು ನಿರೋಧಕ ಕಾಗದ ಸುತ್ತಿ, ಮೇಲೊಂದು ಹತ್ತಿ ಬಟ್ಟೆ ಹೊದೆಸಿ ದಾರ ಕಟ್ಟಿ. ಬಾಯಿಗೆ ಬಿರಡೆ ಹಾಕಬೇಡಿ. ಸಾಧ್ಯವಾದರೆ ಬಾಯಿ ಕೆಳಗಾಗಿ ನಿಲ್ಲಿಸಲು ಕೇಳಿಕೊಳ್ಳಿ, ಇಲ್ಲದಿದ್ದರೆ ಎಣ್ಣೆ ಇಳಿದು ಹಿಡಿಯ ಕತ್ತಿನ ಮರ ಮೆತ್ತಗಾಗುತ್ತದೆ, ಮೊದಲೇ ಅಲ್ಲಿ ಬಿರುಕಿದೆ. ಕೊಡುವ ಮೊದಲು ಲಾಕು, ಸೈಟು, ಬ್ಯಾಂಡು, ನಂಬರಿನ ಫೋಟೊ ತೆಗೆದು, ರಸೀದಿಯಲ್ಲಿ ‘ಮೂರು ಬ್ಯಾಂಡ್, ಹಿತ್ತಾಳೆ ತುದಿ, ಗಜ ಸಹಿತ’ ಅಂತ ಬರೆಸಿಕೊಳ್ಳಿ. ವಾಪಸ್ ಬಂದ ದಿನವೇ ಕಾಗದ ಬಿಚ್ಚಿ ಗ್ರೀಸ್ ಒರೆಸಿ ನೋಡಿ. ಜೂನಿನಿಂದ ಸೆಪ್ಟೆಂಬರ್ ತನಕ ಮನೆಯಲ್ಲಿದ್ದರೂ ಹದಿನೈದು ದಿನಕ್ಕೊಮ್ಮೆ ಎಣ್ಣೆ ಬಟ್ಟೆ ಓಡಿಸಬೇಕು. ಮುಟ್ಟಿದ ಬೆರಳಿನ ಅಚ್ಚು ಮೂರನೇ ದಿನಕ್ಕೆ ಕೆಂಪಾಗಿ ಏಳುತ್ತದೆ.